ಅಂಟು ಔಷಧದ ವಾಹನವಾದ ಕಥೆ

ನಮ್ಮ ಮಾತಿನಲ್ಲಿ ಅಂಟು ಎಂಬ ಪದಕ್ಕೆ ಒಳ್ಳೆಯ ಹೆಸರೂ ಉಂಟು, ಕೆಟ್ಟ ಹೆಸರೂ ಉಂಟು. ಅಂಟುಜಾಡ್ಯವೆಂದರೆ ದೂರ ಸರಿಯುತ್ತೇವೆ. ಬಾಣಂತಿಗೆ ಮಾತ್ರ ಅಂಟಿನ ಉಂಡೆ ಕಟ್ಟಿಕೊಡುತ್ತೇವೆ. ಅಮೆರಿಕೆಯ ಅಂಟೊಂದರ ಚರಿತ್ರೆಯನ್ನು ಓದುವಾಗ ನನಗೆ ಇದು ನೆನಪಾಯಿತು.

1942ನೆಯ ಇಸವಿ. ಈಸ್ಟ್‌ಮನ್ ಕೊಡಕ್ ಸಂಸ್ಥೆಯ ತರುಣ ರಸಾಯನಶಾಸ್ತ್ರಜ್ಞ ಹ್ಯಾರಿ ಕೂವರರು ಬಂದೂಕದ ಗುರಿಗಾಜಿಗೆ ತಕ್ಕ ತಿಳಿಯಾದ ಪ್ಲಾಸ್ಟಿಕ್ಕನ್ನು ಅರಸುತ್ತಿದ್ದರು. ಸಯನೋಅಕ್ರಿಲೇಟ್ ಎಂಬ ದ್ರವ ಕೈಗೆ ಬಂದಿತು. ಅದೋ ಮುಟ್ಟಿದುದಕ್ಕೆಲ್ಲ ಅಂಟಿಕೊಂಡಿತು. ಬೇಡವೆಂದು ಬದಿಗಿಟ್ಟರು. 1951ರಲ್ಲಿ ಅವರ ಸಹೋದ್ಯೋಗಿ ಫ್ರೆಡ್ ಜಾಯ್ನರರು ಅದೇ ಜಾತಿಯ ದ್ರವವನ್ನು ಉಪಕರಣವೊಂದರ ಎರಡು ಪಟ್ಟಕಗಳ ನಡುವೆ ಸವರಿದರು. ಪಟ್ಟಕಗಳು ಮತ್ತೆ ಬಿಡಲಿಲ್ಲ. ಉಪಕರಣ ಕೆಟ್ಟಿತು, ಕೂವರರ ಕಣ್ಣು ತೆರೆಯಿತು. 1958ರಲ್ಲಿ ಅದು ಅಂಟಾಗಿ ಮಾರಾಟಕ್ಕೆ ಬಂದಿತು. ಮುರಿದ ಆಟಿಕೆಗೆ ನಾವು ಹಚ್ಚುವ ಪುಟ್ಟ ಟ್ಯೂಬಿನ ಅಂಟು ಅದೇ ವಂಶದ್ದು.

ಇದರ ಗುಟ್ಟಿರುವುದು ತೇವದಲ್ಲಿ. ಕೊಂಚ ಪಸೆ ತಗುಲಿದರೆ ಸಾಕು, ಬಿಡಿ ಅಣುಗಳು ಒಂದರ ಕೈಯನ್ನೊಂದು ಹಿಡಿದು ಉದ್ದನೆಯ ಸರಪಣಿಯಾಗುತ್ತವೆ. ಪಾಲಿಮರ್ ಎಂಬುದು ಇಂತಹ ಸರಪಣಿಯೇ. ವಿಯಟ್ನಾಂ ಯುದ್ಧದಲ್ಲಿ ಗಾಯಾಳುಗಳ ರಕ್ತ ನಿಲ್ಲಿಸಲು ಇದನ್ನು ಸಿಂಪಡಿಸಿದ್ದೂ ಉಂಟು. ಜಾತಿಗೆ ತಕ್ಕಂತೆ ಬೇಗನೆಯೋ ನಿಧಾನವಾಗಿಯೋ, ಅಂತೂ ದೇಹದೊಳಗೆ ಈ ಸರಪಣಿ ಸವೆದುಹೋಗುತ್ತದೆ.

ಈ ಸವೆಯುವ ಗುಣವೇ ಬೇಕಾಗಿದ್ದವರು ಇನ್ನೊಬ್ಬರಿದ್ದರು. ಔಷಧವು ರೋಗವಿರುವ ಕಡೆಗೇ ಹೋಗಬೇಕು, ಉಳಿದ ಅಂಗಗಳನ್ನು ನೋಯಿಸಬಾರದು ಎಂಬುದು ಜರ್ಮನಿಯ ಪೌಲ್ ಎರ್ಲಿಕರ ಕಾಲದ ಹಳೆಯ ಕನಸು. ಜ್ಯೂರಿಕ್ಕಿನಲ್ಲಿ ಪೀಟರ್ ಸ್ಪೈಸರರು ಔಷಧವನ್ನು ಪಾಲಿಮರಿನ ಅತಿಸೂಕ್ಷ್ಮ ಕಣಗಳಲ್ಲಿ ತುಂಬಲು ಹೊರಟರು; ಆದರೆ ಅವರು ಬಳಸಿದ ಪಾಲಿಅಕ್ರಿಲಮೈಡ್ ದೇಹದಲ್ಲಿ ಕರಗುವಂಥದಲ್ಲ. ಹೊತ್ತು ತಂದವನು ಹೊರೆ ಇಳಿಸಿದ ಮೇಲೂ ಮನೆಯಲ್ಲೇ ಉಳಿದರೆ ಹೇಗೆ? ಅವರ ಬಳಿ ಕೆಲಸ ಮಾಡಿದ ಬೆಲ್ಜಿಯಮ್ಮಿನ ಪ್ಯಾಟ್ರಿಕ್ ಕುವ್ರೂರರು (ಕೂವರರಿಗೂ ಇವರಿಗೂ ನಂಟಿಲ್ಲ) ಆ ಅಂಟಿನ ಕಡೆಗೆ ತಿರುಗಿದರು. ಆಮ್ಲ ಬೆರೆತ ನೀರಿನಲ್ಲಿ ಅಂಟನ್ನು ಹನಿಸಿ ಕಲಕಿದರೆ ಅದು ಹಾಳೆಯಾಗದೆ ಕಣಕಣವಾಗಿ ಗಟ್ಟಿಯಾಗುತ್ತದೆ. ಸುಮಾರು 200 ನ್ಯಾನೋಮೀಟರಿನ ಕಣವೆಂದರೆ, ಸಾಲಾಗಿ 5000 ಇಟ್ಟರೆ ಒಂದು ಮಿಲಿಮೀಟರು. 1979ರಲ್ಲಿ ಈ ಸಂಗತಿ ಪ್ರಕಟವಾಯಿತು.

ರಕ್ತಕ್ಕೆ ಬಿಟ್ಟ ಈ ಕಣಗಳನ್ನು ದೇಹ ಹೊರಗಿನವೆಂದು ಹಿಡಿದು ಯಕೃತ್ತಿನಲ್ಲಿ ಕೂಡಿಹಾಕಿತು. ಇದನ್ನು ದೋಷವೆನ್ನಬಹುದಾಗಿತ್ತು. ಯಕೃತ್ತಿನಲ್ಲೇ ಕ್ಯಾನ್ಸರ್ ಇದ್ದರೆ ಇದೇ ದಾರಿಯಲ್ಲವೇ ಎಂದುಕೊಂಡುದು ನನಗೆ ಕಣ ಮಾಡಿದುದಕ್ಕಿಂತ ದೊಡ್ಡ ಜಾಣತನವಾಗಿ ಕಾಣುತ್ತದೆ. ಹೃದಯಕ್ಕೆ ಕೇಡು ಮಾಡುವ ಡಾಕ್ಸೊರುಬಿಸಿನ್ ಎಂಬ ಮದ್ದನ್ನು ಕಣಗಳಲ್ಲಿ ತುಂಬಿದರು. ಇಲಿಗಳಲ್ಲಿ ಫಲ ಚೆನ್ನಾಗಿತ್ತು.

ಮನುಷ್ಯರ ಮಾತು ಬೇರೆ. ಮೊದಲು ಕೆಲವರಿಗೆ ಶ್ವಾಸಕೋಶದ ತೊಂದರೆ ಕಾಣಿಸಿ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ಮದ್ದನ್ನು ಗಂಟೆಗಟ್ಟಲೆ ನಿಧಾನವಾಗಿ ಹರಿಸುವ ಕ್ರಮದಿಂದ ಮತ್ತೆ ತೊಡಗಿ, ಬೇರೆ ಮದ್ದು ಫಲಿಸದ ಸುಮಾರು 400 ರೋಗಿಗಳಲ್ಲಿ ದೊಡ್ಡ ಪರೀಕ್ಷೆ ನಡೆಸಿದರು. 2017ರಲ್ಲಿ ಫಲಿತಾಂಶ ಹೊರಬಿದ್ದಿತು: ಕಣದ ಮದ್ದು ಪಡೆದವರು ಉಳಿದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಅಷ್ಟರಲ್ಲಿ ಕುವ್ರೂರರು ಬೇರೊಂದು ದಾರಿಯನ್ನೂ ಹಿಡಿದಿದ್ದರು. ಶಾರ್ಕ್ ಮೀನಿನ ಯಕೃತ್ತಿನ ಎಣ್ಣೆಯಲ್ಲಿ ಸಿಗುವ ಸ್ಕ್ವಾಲೀನ್ ಎಂಬ ಜಿಡ್ಡನ್ನು ಔಷಧದ ಅಣುವಿಗೇ ಕೂಡಿಸಿದರೆ, ಯಾವ ಅಂಟೂ ಇಲ್ಲದೆ ಅದು ತಾನಾಗಿ ಕಣಗಟ್ಟುತ್ತದೆಂದು 2006ರಲ್ಲೇ ತೋರಿಸಿದ್ದರು.