ಉಕ್ಕಿಗೂ ಬೆಂಕಿಗೂ ನಡುವಿನ ಇಟ್ಟಿಗೆ

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯಿಂದ ಶುರು. ಕಬ್ಬಿಣ ಕರಗೋದು 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಫರ್ನೇಸಿನ ಹೊರಮೈ ಕೂಡ ಉಕ್ಕಿನದೇ. ಹಾಗಿದ್ರೆ ಒಳಗೆ ಉಕ್ಕು ನೀರಿನ ಹಾಗೆ ಕುದೀತಾ ಇರುವಾಗ ಹೊರಗಿನ ಉಕ್ಕು ಯಾಕೆ ಕರಗಲ್ಲ?

ನಡುವೆ ಇಟ್ಟಿಗೆ ಇದೆ, ಅದಕ್ಕೆ. ಆ ಇಟ್ಟಿಗೆ ಗೋಡೆಗೆ ಲೈನಿಂಗ್ ಅಂತಾರೆ. ಅದು ಸವೆಯುತ್ತೆ, ಬಿರುಕು ಬಿಡುತ್ತೆ, ಉದುರುತ್ತೆ. ಆಗ ಬೆಂಕಿ ಆರಿಸಿ, ಒಳಗೆ ಹೋಗಿ, ಹಳೇದನ್ನ ಒಡೆದು ಹೊಸದನ್ನ ಕಟ್ಟಬೇಕು. ನನ್ನ ಕೆಲಸ ಅದೇ. ಊರು ಸಕಲೇಶಪುರ ತಾಲೂಕಿನ ಹೊಂಗಡಹಳ್ಳ. ಕಾಫಿ, ಏಲಕ್ಕಿ, ಮೆಣಸಿನ ಊರು. ನಮ್ಮಲ್ಲಿ ದೊಡ್ಡ ಬೆಂಕಿ ಅಂದ್ರೆ ಏಲಕ್ಕಿ ಒಣಗಿಸೋ ಮನೆಯ ಒಲೆ, ಅಷ್ಟೇ. ಊರಿಗೆ ಹೋದಾಗ "ಎಂಥ ಕೆಲಸ ಮಾರಾಯ ನಿಂದು?" ಅಂತ ಕೇಳಿದ್ರೆ, ಗಾರೆ ಕೆಲಸ ಅಂದುಬಿಡ್ತೀನಿ. ಬಿಡಿಸಿ ಹೇಳೋಕೆ ಹೋದ್ರೆ ಕಾಫಿ ಆರಿಹೋಗುತ್ತೆ.

ಆದ್ರೆ ಈ ಗಾರೆ ಕೆಲಸಕ್ಕೆ ನಮ್ಮ ನಾಡಲ್ಲಿ ಬಹಳ ಹಳೇ ಇತಿಹಾಸ ಇದೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಹಿಂದೆ ಉಕ್ಕು ಮಾಡ್ತಿದ್ದವರ ಮಣ್ಣಿನ ಮೂಸೆಗಳ ಚೂರುಗಳು ಸಿಕ್ಕಿವೆ. ಜೇಡಿಮಣ್ಣಿಗೆ ಭತ್ತದ ಉಮಿ ಕಲಸಿ ಆ ಮೂಸೆ ಮಾಡ್ತಿದ್ರು. ಉಮಿ ಯಾಕೆ? ಉಮಿಯಲ್ಲಿ ಸಿಲಿಕಾ ಜಾಸ್ತಿ. ಉಮಿ ಸುಟ್ಟು ಹೋದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತೆ, ಹಾಗಾಗಿ ಕಾವು ಏರಿದಾಗ ಮೂಸೆ ಸಿಡಿಯೋದು ಕಡಿಮೆ. ಒಳಗೆ ಉಕ್ಕು ಸಿದ್ಧವಾದ ಮೇಲೆ ಮೂಸೆ ಒಡೆದು ಗಟ್ಟಿ ತೆಗೀತಿದ್ರು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಬ್ಬಿಣ, ಉಕ್ಕಿನ ಕೆಲಸ ನೋಡಿ ಬರೆದಿಟ್ಟಿದ್ದಾನೆ. ತಮಾಷೆ ಅಂದ್ರೆ, ಇವತ್ತಿಗೂ ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಉಕ್ಕಿನ ಕಾವು ಆರದಿರಲಿ ಅಂತ ಮೇಲೆ ಉಮಿ ಬೂದಿ ಸುರೀತಾರೆ. ಚೀಲದಲ್ಲಿ ತುಂಬಿ, ಬ್ರ್ಯಾಂಡ್ ಹೆಸರು ಹಾಕಿ ಬರುತ್ತೆ. ನಮ್ಮ ಅಕ್ಕಿ ಮಿಲ್ಲಿನ ಹಿಂದೆ ರಾಶಿ ಬಿದ್ದಿರೋ ಅದೇ ಉಮಿ.

ಇನ್ನು ಘಟ್ಟದ ಕೆಳಗೆ ಹೋಗೋಣ. ನಮ್ಮ ಕಡೆಯ ಹಳೇ ಮನೆಯ ಒಂದು ಹೆಂಚು ಇಳಿಸಿ ತಿರುಗಿಸಿ ನೋಡಿ, ಮಂಗಳೂರಿನ ಯಾವುದೋ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತೆ. 1865ರಲ್ಲಿ ಬಾಸೆಲ್ ಮಿಷನ್ ಅಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡ್ತು. ಆಮೇಲೆ ನೇತ್ರಾವತಿ, ಗುರುಪುರ ಹೊಳೆ ದಂಡೆಯಲ್ಲಿ ಕಾರ್ಖಾನೆಗಳ ಸಾಲೇ ಎದ್ದಿತು. ಅಲ್ಲಿಗೆ ಬಂದ ಹಾಫ್‌ಮನ್ ಗೂಡಿನ ವಿಶೇಷ ಏನು ಗೊತ್ತಾ? ಅದರ ಬೆಂಕಿ ಆರೋದೇ ಇಲ್ಲ. ಕೋಣೆ ಪಕ್ಕ ಕೋಣೆ, ಬಳೆಯ ಹಾಗೆ ಸುತ್ತಲೂ. ಬೆಂಕಿ ಒಂದು ಕೋಣೆಯಿಂದ ಮುಂದಿನದಕ್ಕೆ ನಡೀತಾ ಹೋಗುತ್ತೆ. ಮೇಲಿನ ತೂತುಗಳಿಂದ ಸೌದೆ ಹಾಕ್ತಾರೆ. ಒಂದು ಕಡೆ ಹೆಂಚು ಬೇಯ್ತಿರುತ್ತೆ, ಎದುರು ಕಡೆ ಆರಿದ ಕೋಣೆಯ ಬಾಗಿಲು ಒಡೆದು ಹೆಂಚು ಹೊರಗೆ ತರ್ತಿರ್ತಾರೆ. ಪ್ರತಿ ಸುತ್ತಿಗೂ ಬಾಗಿಲಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿ ಮುಚ್ಚಬೇಕು, ಮತ್ತೆ ಒಡೀಬೇಕು. ಕಮಾನಿನ ರಿಪೇರಿ ಇದ್ರೆ ಅದೂ ಆ ಆರಿದ ಕೋಣೆಯ ಸರದಿಯಲ್ಲೇ ಆಗಬೇಕು, ಬೆಂಕಿ ಸುತ್ತು ಹೊಡೆದು ವಾಪಸ್ ಬರೋದರೊಳಗೆ. ಹೆಂಚಿನ ಮೇಲೆ ಕಂಪನಿ ಹೆಸರು ನೂರು ವರ್ಷ ಉಳಿಯಿತು. ಒಳಗೆ ಹೋಗಿ ಬಂದವರ ಹೆಸರನ್ನ ಅಚ್ಚೊತ್ತೋಕೆ ಜಾಗ ಇರಲಿಲ್ಲ ಅನ್ಸುತ್ತೆ.

ಭದ್ರಾವತಿ ನಿಮಗೆಲ್ಲ ಗೊತ್ತು. 1923ರ ಜನವರಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಬ್ಲಾಸ್ಟ್ ಫರ್ನೇಸ್ ಹೊತ್ತಿತು. ಅದಿರು ಕೆಮ್ಮಣ್ಣುಗುಂಡಿಯದು, ಉರುವಲು ಮಲೆನಾಡಿನ ಕಾಡಿನ ಇದ್ದಿಲು. ಅದೇ ವರ್ಷದಿಂದ 1929ರವರೆಗೆ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿ ಅಧ್ಯಕ್ಷರಾಗಿದ್ದರು. ಇದೆಲ್ಲ ಪಾಠದಲ್ಲಿ ಓದಿರ್ತೀರಿ. ಪಾಠದಲ್ಲಿ ಇಲ್ಲದ್ದು ಇದು: ಬ್ಲಾಸ್ಟ್ ಫರ್ನೇಸ್ ಒಮ್ಮೆ ಹೊತ್ತಿಸಿದ್ರೆ ವರ್ಷಗಟ್ಟಲೆ ಉರೀಬೇಕು. ಎಷ್ಟು ವರ್ಷ ಅನ್ನೋದನ್ನ ತೀರ್ಮಾನಿಸೋದು ಅದಿರೂ ಅಲ್ಲ, ಅಧ್ಯಕ್ಷರೂ ಅಲ್ಲ, ಒಳಗಿನ ಇಟ್ಟಿಗೆ. ಒಂದು ಲೈನಿಂಗ್ ಮುಗಿದು ಇನ್ನೊಂದು ಕಟ್ಟೋವರೆಗಿನ ಅವಧಿಗೆ ನಮ್ಮ ಕಸುಬಿನಲ್ಲಿ ಕ್ಯಾಂಪೇನ್ ಅಂತಾರೆ, ದಂಡಯಾತ್ರೆ ಥರ. ತಣ್ಣಗಾದರೆ ಇಟ್ಟಿಗೆ ಕುಗ್ಗಿ ಬಿರುಕು ಬಿಡುತ್ತೆ. 2023ರ ಜನವರಿಯಲ್ಲಿ ಭದ್ರಾವತಿ ಕಾರ್ಖಾನೆ ಮುಚ್ಚೋಕೆ ಸೈಲ್ ತೀರ್ಮಾನ ಮಾಡಿದ ಸುದ್ದಿ ಬಂತು. ಆಗಸ್ಟ್‌ನಲ್ಲಿ ಮತ್ತೆ ಕೆಲಸ ಶುರುವಾಯ್ತು, ಆದ್ರೆ ಅದು ಉಕ್ಕನ್ನ ಕಾಯಿಸಿ ಸರಳು ಎಳೆಯೋ ಬಾರ್ ಮಿಲ್. ಬ್ಲಾಸ್ಟ್ ಫರ್ನೇಸನ್ನ ಮತ್ತೆ ಹೊತ್ತಿಸೋದು ಸ್ವಿಚ್ ಒತ್ತಿದ ಹಾಗಲ್ಲ.

ನಮ್ಮ ಹಾಸನ ಜಿಲ್ಲೆಗೂ ಇದರಲ್ಲಿ ಪಾಲಿದೆ. ಚನ್ನರಾಯಪಟ್ಟಣ ತಾಲೂಕಿನ ಬೈರಾಪುರದಲ್ಲಿ ಕ್ರೋಮೈಟ್ ಗಣಿ ಇತ್ತು. ಕ್ರೋಮೈಟ್ ಅದಿರನ್ನ ಮ್ಯಾಗ್ನೆಸೈಟ್ ಜೊತೆ ಸೇರಿಸಿ ಮಾಡೋ ಇಟ್ಟಿಗೆ ಸಿಮೆಂಟ್ ಗೂಡುಗಳಲ್ಲಿ ಬಹಳ ಕಾಲ ನಡೀತು. ನಾನು ಹೆಚ್ಚು ಕೆಲಸ ಮಾಡಿದ್ದೂ ಸಿಮೆಂಟ್ ಗೂಡುಗಳಲ್ಲೇ, ಕಲಬುರಗಿ ಕಡೆ. ಮಲಗಿಸಿದ ದೊಡ್ಡ ಕೊಳವೆ, ತಿರುಗ್ತಾ ಇರುತ್ತೆ, ಒಳಗೆ ಸುಮಾರು 1450 ಡಿಗ್ರಿಯಲ್ಲಿ ಕ್ಲಿಂಕರ್ ಬೇಯುತ್ತೆ. ಉಕ್ಕಿನ ಕೊಳವೆಗೂ ಆ ಬೆಂಕಿಗೂ ನಡುವೆ ಒಂದು ಗೇಣಿನಷ್ಟು ಇಟ್ಟಿಗೆ. ಒಳಗೆ ಒಂದು ಕಡೆ ಇಟ್ಟಿಗೆ ಬಿದ್ದರೆ ರಾತ್ರಿ ಹೊರಗಡೆಯಿಂದಲೇ ಅಷ್ಟು ಜಾಗ ಕೆಂಪಗೆ ಕಾಣುತ್ತೆ. ಆಗ ಗೂಡು ನಿಲ್ಲಿಸಿ, ಆರಿಸಿ, ನಮಗೆ ಫೋನ್.

ಒಳಗೆ ಹೋದ ಮೇಲೆ ಮೊದಲ ಕೆಲಸ ಕಿವಿಯದು. ಸುತ್ತಿಗೆಯಲ್ಲಿ ತಟ್ಟಿದ್ರೆ ಗಟ್ಟಿ ಇಟ್ಟಿಗೆ ಠಣ್ ಅನ್ನುತ್ತೆ, ಸಡಿಲ ಆಗಿರೋದು ಡೊಬ್ ಅನ್ನುತ್ತೆ. ಹಳೇದನ್ನ ಜ್ಯಾಕ್‌ಹ್ಯಾಮರ್‌ನಿಂದ ಕೀಳ್ತೀವಿ. ಹೊಸದನ್ನ ಬಳೆ ಬಳೆಯಾಗಿ ಕಟ್ಟಿ, ಪ್ರತಿ ಬಳೆಗೂ ಕೊನೆಯಲ್ಲಿ ಒಂದು ಕೀ ಬ್ರಿಕ್ ಹೊಡೆದು ಬಿಗಿ ಮಾಡ್ತೀವಿ. ಅದು ಸಡಿಲ ಆದ್ರೆ ಇಡೀ ಬಳೆ ತಲೆ ಮೇಲೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಕೀ ಬ್ರಿಕ್ ಬೇರೆಯವರ ಕೈಗೆ ಕೊಡ್ತಿರಲಿಲ್ಲ. "ನೀ ಸುಮ್ನೆ ನೋಡ್ಕೊ ಮಗಾ" ಅಂತಿದ್ರು. ಎರಡು ವರ್ಷ ನೋಡ್ಕೊಂಡೇ ಇದ್ದೆ.

ಕಷ್ಟ ಇರೋದು ಕಾವಿನಲ್ಲಲ್ಲ, ಧೂಳಿನಲ್ಲಿ. ಹಳೇ ಕ್ರೋಮ್ ಇಟ್ಟಿಗೆ ಸಿಮೆಂಟ್ ಗೂಡಿನ ಕ್ಷಾರದ ಜೊತೆ ಸೇರಿ ಹಳದಿ ಬಣ್ಣಕ್ಕೆ ತಿರುಗಿದ್ರೆ, ಅದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರೋ ವಿಷ. ಈ ಕಾರಣಕ್ಕೇ ಬಹಳಷ್ಟು ಕಡೆ ಕ್ರೋಮ್ ಇಲ್ಲದ ಇಟ್ಟಿಗೆ ಬಂತು. ಇನ್ನೊಂದು ಸಿಲಿಕಾ. ಅದರ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್. ವಾಸಿ ಆಗೋದಿಲ್ಲ. ಮೂಸೆಯನ್ನ ಕಾಪಾಡಿದ ಅದೇ ಸಿಲಿಕಾ, ನೋಡಿ.

1948ರ ಫ್ಯಾಕ್ಟರಿ ಕಾಯ್ದೆಯ ಪಟ್ಟಿಯಲ್ಲೇ ಸಿಲಿಕೋಸಿಸ್ ಇತ್ತು, ಬಂದ್ರೆ ಸರ್ಕಾರಕ್ಕೆ ತಿಳಿಸಬೇಕಾದ ಕಾಯಿಲೆ ಅಂತ. ಆದ್ರೆ ಅದು ಕಾಣಿಸಿಕೊಳ್ಳೋದು ಹತ್ತು, ಇಪ್ಪತ್ತು ವರ್ಷ ಆದ ಮೇಲೆ. ನಮ್ಮದು ಶಟ್‌ಡೌನ್ ಕೆಲಸ: ಇಲ್ಲಿ ಹದಿನೈದು ದಿನ, ಅಲ್ಲಿ ಎಂಟು ದಿನ, ಪ್ರತಿ ಸಲ ಬೇರೆ ಗುತ್ತಿಗೆದಾರ. ನನ್ನ ಮೇಸ್ತ್ರಿಗೆ ಉಸಿರು ಕಟ್ಟೋಕೆ ಶುರುವಾದಾಗ ಪರಿಹಾರದ ಅರ್ಜಿಗೆ ಕೇಳಿದ ಮೊದಲ ಪ್ರಶ್ನೆ, ಎಲ್ಲಿ, ಯಾವಾಗ ಕೆಲಸ ಮಾಡಿದ್ದೀರಿ, ದಾಖಲೆ ಏನಿದೆ? ಅವರ ಹತ್ರ ಇದ್ದದ್ದು ಒಂದು ಹಳೇ ಸುತ್ತಿಗೆ, ಒಂದು ಮಟ್ಟಗೋಲು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ನಿಯಮದ ಪ್ರಕಾರ ಗುತ್ತಿಗೆದಾರ ಉದ್ಯೋಗ ಕಾರ್ಡ್ ಕೊಡಬೇಕಿತ್ತು, ಕೆಲಸ ಮುಗಿದಾಗ ಸೇವಾ ಪ್ರಮಾಣಪತ್ರ ಕೊಡಬೇಕಿತ್ತು. ಅವರ ಕೈಗೆ ಒಂದೂ ಬಂದಿರಲಿಲ್ಲ. ಮೂವತ್ತು ವರ್ಷ ಗೂಡುಗಳ ಒಳಗೆ ಇದ್ದ ಮನುಷ್ಯ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಅವರು ಹೋಗಿ ನಾಲ್ಕು ವರ್ಷ ಆಯ್ತು.

ಅದಾದ ಮೇಲೆ ನಮ್ಮ ಗ್ಯಾಂಗ್‌ನಲ್ಲಿ ಒಂದು ಅಭ್ಯಾಸ ಮಾಡಿಕೊಂಡಿದ್ದೀವಿ. ಗೇಟ್ ಪಾಸ್ ಕೈಗೆ ಬಂದ ತಕ್ಷಣ ಫೋಟೋ. ಕೂಲಿ ಚೀಟಿ ಫೋಟೋ. ಇಟ್ಟಿಗೆ ಪೆಟ್ಟಿಗೆ ಮೇಲೆ ಯಾವ ಜಾತಿ ಇಟ್ಟಿಗೆ ಅಂತ ಬರೆದಿರೋ ಲೇಬಲ್ಲಿನ ಫೋಟೋ. ಪಿಎಫ್ ಕಟ್ಟಿದ್ರೆ ಯುಎಎನ್ ಪಾಸ್‌ಬುಕ್ಕಿನಲ್ಲಿ ಯಾರ ಹೆಸರಲ್ಲಿ ಕಟ್ಟಿದ್ದಾರೆ ಅಂತ ನೋಡಿ ಸ್ಕ್ರೀನ್‌ಶಾಟ್. ಎಲ್ಲವೂ ಒಂದು ವಾಟ್ಸಾಪ್ ಗ್ರೂಪಿಗೆ, ತಾರೀಕಿನ ಜೊತೆ. ಗೂಡಿನ ಒಳಗೆ ಸಿಗ್ನಲ್ ಸಿಗಲ್ಲ, ಅದಕ್ಕೆ ಒಳಗೆ ಹೋಗೋ ಮುಂಚೆಯೇ ಕಳಿಸ್ತೀವಿ. ಗ್ರೂಪಿನ ಹೆಸರು "ಕೀ ಬ್ರಿಕ್".