ಬಿ. ಆರ್. ಶೆಣೈ

ಬೆಳ್ಳಿಕೋತ್ ರಘುನಾಥ ಶೆಣೈ (3 ಜೂನ್ 1905 – 8 ಫೆಬ್ರವರಿ 1978) ಭಾರತದ ಅರ್ಥಶಾಸ್ತ್ರಜ್ಞರು. ಎರಡನೆಯ ಪಂಚವಾರ್ಷಿಕ ಯೋಜನೆಯ ಹಣಕಾಸು ವ್ಯವಸ್ಥೆಯನ್ನು ವಿರೋಧಿಸಿ 1955ರಲ್ಲಿ ಅವರು ಸಲ್ಲಿಸಿದ ಭಿನ್ನಮತದ ಟಿಪ್ಪಣಿ ಪ್ರಸಿದ್ಧವಾಗಿದೆ. ಅವರ ಹೆಸರಿನಲ್ಲಿರುವ ಬೆಳ್ಳಿಕೋತ್, ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಈಗ ಕಾಸರಗೋಡು ಜಿಲ್ಲೆಯಲ್ಲಿರುವ ಗ್ರಾಮ.

ಶಿಕ್ಷಣ ಮತ್ತು ವೃತ್ತಿ

ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿಯೂ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿಯೂ ವ್ಯಾಸಂಗ ಮಾಡಿದರು. ಶ್ರೀಲಂಕಾ ಮತ್ತು ಭಾರತದಲ್ಲಿ ಅಧ್ಯಾಪನ, ರಿಸರ್ವ್ ಬ್ಯಾಂಕಿನ ಸೇವೆ, ಬಳಿಕ ಗುಜರಾತ್ ವಿಶ್ವವಿದ್ಯಾಲಯದ ಸಮಾಜ ವಿಜ್ಞಾನ ಶಾಲೆಯ ನಿರ್ದೇಶಕತ್ವ – ಇವು ಅವರ ವೃತ್ತಿಜೀವನದ ಮುಖ್ಯ ಘಟ್ಟಗಳು.

ವ್ಯಾಪಾರ ಚಕ್ರಗಳ ಅಧ್ಯಯನ

ಜಗತ್ತು ಮಹಾ ಆರ್ಥಿಕ ಕುಸಿತದಲ್ಲಿ ಸಿಲುಕಿದ್ದ 1931ರಲ್ಲಿ ಫ್ರೆಡ್ರಿಕ್ ಹಾಯೆಕ್ ಅವರು ಲಂಡನ್ನಿನಲ್ಲಿ ನೀಡಿದ ಉಪನ್ಯಾಸಗಳನ್ನು ಶೆಣೈ ವಿದ್ಯಾರ್ಥಿಯಾಗಿ ಕೇಳಿದರು. ಜನರ ನೈಜ ಉಳಿತಾಯವನ್ನು ಮೀರಿ ಬ್ಯಾಂಕುಗಳು ಸಾಲ ಸೃಷ್ಟಿಸಿದರೆ ಹೂಡಿಕೆ ಕೃತಕವಾಗಿ ಉಬ್ಬುತ್ತದೆ, ಅಂಥ ಉಬ್ಬರ ಕೊನೆಗೆ ಕುಸಿತದಲ್ಲಿ ಮುಗಿಯುತ್ತದೆ ಎಂಬುದು ಆ ಉಪನ್ಯಾಸಗಳ ತಿರುಳು. ಕೇನ್ಸ್ ಅವರ ಬೆಲೆಮಟ್ಟದ ಸಮೀಕರಣಗಳನ್ನು ಕುರಿತು ಶೆಣೈ ಬರೆದ ಪ್ರಬಂಧಗಳು 1930ರ ದಶಕದಲ್ಲಿ ಅಮೆರಿಕದ ‘ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್’ನಲ್ಲಿ ಪ್ರಕಟವಾದವು. ಯುದ್ಧಾನಂತರದ ಹಿಂಜರಿತವನ್ನು ಕುರಿತ ಅವರ ಪುಸ್ತಕ 1944ರಲ್ಲಿ ಹೊರಬಂದಿತು. ‘ಉಳಿತಾಯ ಎಷ್ಟಿದೆ?’ ಎಂಬ ಪ್ರಶ್ನೆಯನ್ನು ಅವರು ಮುಂದೆಯೂ ಕೈಬಿಡಲಿಲ್ಲ.

ಭಿನ್ನಮತದ ಟಿಪ್ಪಣಿ

ಮಹಾಲನೋಬಿಸ್ ಅವರ ಕರಡು ಚೌಕಟ್ಟನ್ನು ಆಧರಿಸಿದ ಎರಡನೆಯ ಯೋಜನೆ (1956–61) ಭಾರಿ ಕೈಗಾರಿಕೆಗಳಿಗೆ ಒತ್ತು ಕೊಟ್ಟಿತು. ಸಾರ್ವಜನಿಕ ವಲಯದ 4,800 ಕೋಟಿ ರೂಪಾಯಿಗಳ ವೆಚ್ಚದಲ್ಲಿ 1,200 ಕೋಟಿಯನ್ನು ಕೊರತೆ ಹಣಕಾಸಿನಿಂದ, ಎಂದರೆ ಬಹುಮಟ್ಟಿಗೆ ಹೊಸ ಹಣದ ಸೃಷ್ಟಿಯಿಂದ, ಭರಿಸುವುದೆಂದು ನಿಗದಿಯಾಯಿತು. ಕರಡನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ನಾಡಿನ ಗಣ್ಯ ವಿದ್ವಾಂಸರಿದ್ದರು. ಭಿನ್ನಮತ ದಾಖಲಿಸಿದವರು ಶೆಣೈ ಒಬ್ಬರೇ.

ಅವರು ಆಕ್ಷೇಪಿಸಿದ್ದು ಅಭಿವೃದ್ಧಿಯನ್ನಲ್ಲ, ಅದರ ಗಾತ್ರವನ್ನು ಮತ್ತು ದಾರಿಯನ್ನು. ಉಳಿತಾಯಕ್ಕೆ ಮೀರಿದ ಯೋಜನೆಗೆ ನೋಟು ಮುದ್ರಿಸಿದರೆ ಸಂಪನ್ಮೂಲ ಹೆಚ್ಚುವುದಿಲ್ಲ. ಬೆಲೆಗಳು ಏರಿ, ನಿಶ್ಚಿತ ವರಮಾನದವರ ಪಾಲು ಕುಗ್ಗುತ್ತದೆ ಎಂದು ಅವರು ವಾದಿಸಿದರು. ಬೆಲೆ ಏರಿಕೆಯನ್ನು ತಡೆಯಲು ನಿಯಂತ್ರಣಗಳನ್ನು ಹೇರಬೇಕಾಗಿ ಬಂದರೆ ಪ್ರಜಾಪ್ರಭುತ್ವವೇ ಸೊರಗೀತೆಂಬ ಆತಂಕವೂ ಅವರಿಗಿತ್ತು.

ಪರಿಣಾಮ ಮತ್ತು ಮೌಲ್ಯಮಾಪನ

ಟಿಪ್ಪಣಿಯನ್ನು ಸರ್ಕಾರ ಒಪ್ಪಲಿಲ್ಲ. ಯೋಜನೆ ಆರಂಭವಾದ ಎರಡೇ ವರ್ಷಗಳಲ್ಲಿ ವಿದೇಶಿ ವಿನಿಮಯದ ತೀವ್ರ ಬಿಕ್ಕಟ್ಟು ತಲೆದೋರಿ, 1958ರಲ್ಲಿ ನೆರವು ನೀಡುವ ರಾಷ್ಟ್ರಗಳ ಕೂಟ ರಚನೆಯಾಯಿತು. ಬೆಲೆಗಳೂ ಏರಿದವು. ರಾಷ್ಟ್ರೀಯ ವರಮಾನವನ್ನು ಐದು ವರ್ಷಗಳಲ್ಲಿ ಶೇ. 25ರಷ್ಟು ಹೆಚ್ಚಿಸುವ ಗುರಿ ಸುಮಾರು ಶೇ. 20ಕ್ಕೆ ನಿಂತಿತು. ರೂಪಾಯಿಯ ಅಧಿಕೃತ ದರ ಅವಾಸ್ತವಿಕವೆಂದು ಶೆಣೈ ಬಹುಕಾಲ ಹೇಳುತ್ತ ಬಂದಿದ್ದರು. 1966ರ ಜೂನ್ 6ರಂದು ಡಾಲರಿಗೆ 4.76 ರೂಪಾಯಿ ಇದ್ದ ದರವನ್ನು 7.50ಕ್ಕೆ ಇಳಿಸಲಾಯಿತು. ಆದರೂ ಎಲ್ಲ ತೊಡಕುಗಳನ್ನೂ ಕೊರತೆ ಹಣಕಾಸಿನ ತಲೆಗೇ ಕಟ್ಟುವುದು ಸರಿಯಾಗದು. ಮಳೆಯ ವೈಫಲ್ಯಕ್ಕೂ ಯುದ್ಧಗಳಿಗೂ ಇದರಲ್ಲಿ ಪಾಲಿದೆ. ಅದೇ ಅವಧಿಯಲ್ಲಿ ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳ ಉಕ್ಕಿನ ಕಾರ್ಖಾನೆಗಳು ತಲೆಯೆತ್ತಿದ್ದೂ ನಿಜ.

ಅವರ ಪುತ್ರಿ ಸುಧಾ ಶೆಣೈ (1943–2008) ಸಹ ಹಾಯೆಕ್ ಪರಂಪರೆಯ ಅರ್ಥಶಾಸ್ತ್ರಜ್ಞೆಯಾಗಿ ಆಸ್ಟ್ರೇಲಿಯಾದಲ್ಲಿ ಅಧ್ಯಾಪನ ಮಾಡಿದರು.