ಹೈದರಾಬಾದಿನ ಘಟಕ, ಬೆಂಗಳೂರಿನ ಫೆಲೋ, ಭಾಲ್ಕಿಯ ಕಬ್ಬು: ನಿರ್ಧಾರ ವಿಜ್ಞಾನದ ಸಂಶೋಧನೆ ಮತ್ತು ಬೀದರ್ ಸೀಮೆ

ನಿರ್ಧಾರಗಳಿಗೆ ಗಣಿತದಿಂದ ಉತ್ತರ ಹುಡುಕುವ ಆಪರೇಷನ್ಸ್ ರಿಸರ್ಚ್ (ನಿರ್ಧಾರ ವಿಜ್ಞಾನದ ತಿರುಳು) ಭಾರತದಲ್ಲಿ ಬೇರೂರಿದ ಕಥೆಯನ್ನು ಪಠ್ಯಪುಸ್ತಕಗಳು 1949ರಿಂದ ಹೇಳುತ್ತವೆ. ಆ ವರ್ಷ ಹೈದರಾಬಾದಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದಲ್ಲಿ ಇದರ ಮೊದಲ ಘಟಕ ತೆರೆಯಿತು ಎನ್ನುತ್ತವೆ. ಆದರೆ ಪ್ರಯೋಗಾಲಯಕ್ಕೆ ಆ ಹೆಸರು ಬಂದದ್ದು 1956ರಲ್ಲಿ. 1944ರಲ್ಲಿ ನಿಜಾಮರ ಆಡಳಿತದಲ್ಲಿ ಹುಟ್ಟಿದಾಗ ಅದು ‘ಕೇಂದ್ರ ಪ್ರಯೋಗಾಲಯ’. ಬೀದರ್ ಓದುಗರಿಗೆ ಈ ತಿದ್ದುಪಡಿ ಸಣ್ಣದಲ್ಲ. ಘಟಕ ಶುರುವಾದಾಗ ಔರಾದ್ ತಾಲ್ಲೂಕಿನ ಚಿಂತಾಕಿಯೂ ಹೈದರಾಬಾದ್ ರಾಜ್ಯದ್ದೇ ಊರು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯ ಸೇರಿತು. ಬೀದರಿನಿಂದ ಸುಮಾರು 140 ಕಿ.ಮೀ. ದೂರದಲ್ಲಿದ್ದ ರಾಜಧಾನಿ ಸುಮಾರು 700 ಕಿ.ಮೀ. ಆಚೆಯ ಬೆಂಗಳೂರಿಗೆ ಹೋಯಿತು. ಉನ್ನತ ಸಂಶೋಧನೆಯ ದಾರಿಯೂ ಅದರ ಹಿಂದೆಯೇ ಹೋಯಿತೆಂಬುದು ನನ್ನ ವಾದ.

ವಿಷಯದ ತಿರುಳಿಗೆ ಒಂದೇ ಉದಾಹರಣೆ ಸಾಕು. ಒಬ್ಬ ಮನುಷ್ಯನಿಗೆ ಬೇಕಾದ ಪೋಷಕಾಂಶವನ್ನು ಅತಿ ಕಡಿಮೆ ಖರ್ಚಿನಲ್ಲಿ ಒದಗಿಸುವುದು ಹೇಗೆಂದು ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಕೇಳಿದರು. 77 ಆಹಾರಗಳನ್ನು ತೂಗಿ, ಅಂದಾಜಿನ ಮೇಲೆ ವರ್ಷಕ್ಕೆ 39.93 ಡಾಲರ್ ಎಂದರು. ಮಿತಿಗಳೊಳಗೆ ಅತ್ಯುತ್ತಮ ಉತ್ತರವನ್ನು ಹಂತಹಂತವಾಗಿ ಹುಡುಕಲು 1947ರಲ್ಲಿ ಜಾರ್ಜ್ ಡಾಂಟ್ಜಿಗ್ ರೂಪಿಸಿದ ಸಿಂಪ್ಲೆಕ್ಸ್ ವಿಧಾನವನ್ನು ಅದೇ ಲೆಕ್ಕದ ಮೇಲೆ ಪರೀಕ್ಷಿಸಿದಾಗ ಬಂದ ಉತ್ತರ 39.69. ಕೈಯಲ್ಲಿ ತಿರುವುವ ಲೆಕ್ಕದ ಯಂತ್ರಗಳ ಮೇಲೆ ಅದಕ್ಕೆ ಹಿಡಿದದ್ದು ಸುಮಾರು 120 ಆಳು-ದಿನಗಳ ಶ್ರಮ. ಉಳಿದದ್ದು 24 ಸೆಂಟು! ಆದರೆ ಇದಕ್ಕಿಂತ ಅಗ್ಗದ ಉತ್ತರ ಇಲ್ಲವೆಂದು ಖಚಿತವಾಯಿತು.

ಈ ಗಣಿತ ಕರ್ನಾಟಕದಲ್ಲಿ ನಿರ್ವಹಣೆಯ ಡಾಕ್ಟರೇಟ್ ಮಟ್ಟಕ್ಕೆ ಏರಿದ್ದರಲ್ಲಿ ಬೆಂಗಳೂರಿನ ಐಐಎಂ ಪಾತ್ರ ದೊಡ್ಡದು. ಸಂಸ್ಥೆ 1973ರಲ್ಲಿ ಆರಂಭವಾಯಿತು; ಸಂಶೋಧಕರನ್ನು ತಯಾರಿಸುವ ಫೆಲೋ ಕಾರ್ಯಕ್ರಮ 1976ರಲ್ಲಿ. ಇಲ್ಲೊಂದು ವಿಚಿತ್ರವಿತ್ತು. ಕೋರ್ಸ್‌ವರ್ಕ್, ಅರ್ಹತಾ ಪರೀಕ್ಷೆ, ಪ್ರಬಂಧ ಎಲ್ಲ ಮುಗಿಸಿದವರೂ ‘ಡಾಕ್ಟರ್’ ಪದವಿ ಪಡೆಯುತ್ತಿರಲಿಲ್ಲ, ‘ಫೆಲೋ’ ಆಗುತ್ತಿದ್ದರು. ಪದವಿ ಕೊಡುವ ಕಾನೂನು ಅಧಿಕಾರ ಐಐಎಂಗಳಿಗೆ ಇರಲಿಲ್ಲ. 2017ರ ಐಐಎಂ ಕಾಯ್ದೆ ಅದನ್ನು ಕೊಟ್ಟಿತು.

ಬೀದರ್ ಕಡೆಯ ದಾರಿ ಬೇರೆ. 1970ರಲ್ಲಿ ಕಲಬುರಗಿಯಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2023ರಲ್ಲಿ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಬೀದರ್ ವಿಶ್ವವಿದ್ಯಾಲಯ. ವಿಶ್ವವಿದ್ಯಾಲಯ ಹತ್ತಿರ ಬಂತು ನಿಜ. ಆದರೆ ಬಿ.ಕಾಂ., ಎಂ.ಕಾಂ. ಹಾದಿಯಲ್ಲಿ ಬಂದವನಿಗೆ ನಿರ್ಧಾರ ವಿಜ್ಞಾನಕ್ಕೆ ಬೇಕಾದ ಸಂಭವನೀಯತೆ, ಪ್ರೋಗ್ರಾಮಿಂಗ್ ಕಲಿಯಲು ಅವಕಾಶ ಕಡಿಮೆ. ಇಲ್ಲಿನ ವಾಣಿಜ್ಯ ಸಂಶೋಧನೆ ಬಹುಪಾಲು ಪ್ರಶ್ನಾವಳಿಯ ಸುತ್ತಲೇ ತಿರುಗಲು ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ನಿರ್ಧಾರ ವಿಜ್ಞಾನ ಬಿಡಿಸಬಹುದಾದ ಸಮಸ್ಯೆಗಳಿಗಂತೂ ಇಲ್ಲಿ ಬರವಿಲ್ಲ. ಭಾಲ್ಕಿ ಬಳಿಯ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಹಂಗಾಮನ್ನೇ ನೋಡಿ. ಕಡಿದ ಕಬ್ಬು ಟ್ರ್ಯಾಕ್ಟರಿನ ಮೇಲೆ ಬಿಸಿಲಿಗೆ ನಿಂತಷ್ಟೂ ಸಕ್ಕರೆ ಅಂಶ ಇಳಿಯುತ್ತದೆ. ಯಾವ ಹೊಲಕ್ಕೆ ಕಬ್ಬು ಕಡಿಯುವ ಯಾವ ಗ್ಯಾಂಗ್, ಯಾವ ದಿನ, ಎಷ್ಟು ಗಾಡಿ ಎಂಬುದು ಡಾಂಟ್ಜಿಗ್ ಲೆಕ್ಕದ ಮಾದರಿಯದೇ. ಆದರೆ ಕಾರ್ಖಾನೆಯ ಸಾಗಣೆ ಖರ್ಚನ್ನಷ್ಟೇ ಇಳಿಸಹೊರಟರೆ ಹತ್ತಿರದ ಹೊಲ ಮೊದಲು ಖಾಲಿಯಾಗುತ್ತದೆ. ದೂರದ ಹೊಲದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ನಾಟಿ ದಿನಾಂಕದ ಸರದಿ ಪಾಲಿಸಿದರೆ ಡೀಸೆಲ್ ಖರ್ಚು ಏರುತ್ತದೆ. ಏನನ್ನು ಕಡಿಮೆ ಮಾಡಬೇಕೆಂಬುದನ್ನು ಸಿಂಪ್ಲೆಕ್ಸ್ ಹೇಳುವುದಿಲ್ಲ. ಅದಕ್ಕೆ ರೈತರ ಸಭೆಯ ನಡಾವಳಿಯನ್ನೂ ತೂಕದ ಚೀಟಿಗಳನ್ನೂ ಒಟ್ಟಿಗೆ ಓದಬೇಕು.